ಮೂವತ್ತೇಳನೇ ದಿನದ ಟ್ಯೂಬು

ಮಧ್ಯಾಹ್ನ ಮೂರೂ ಹತ್ತು
ಆಸ್ಪತ್ರೆಯ ಹಿಂಬದಿಯ ಮೆಟ್ಟಿಲು

ನನ್ನ ಅಕ್ಕನಿಗೆ,

ಇವತ್ತು ಬೆಳಿಗ್ಗೆ ನೂರಾ ಹನ್ನೆರಡು ಟ್ಯೂಬುಗಳಿಗೆ ಚೀಟಿ ಅಂಟಿಸಿದೆ. ಹತ್ತು ಗಂಟೆಗೆ ದೊಡ್ಡ ಮೇಡಂ ಮುಂದೆ ನಿಂತು, ಹನ್ನೊಂದು ದಿನದ ಹಿಂದೆ ಹೇಳಿದ ಒಂದು ಸುಳ್ಳನ್ನು ಸುಳ್ಳು ಅಂತ ಹೇಳಿದೆ. ಹನ್ನೆರಡೂವರೆಗೆ ನಿನ್ನ ಮಗಳು ಒಂದು ಕಾಗದಕ್ಕೆ ಸಹಿ ಹಾಕುವುದಿಲ್ಲ ಅಂದಳು. ಊಟದ ಡಬ್ಬಿ ಪಕ್ಕದಲ್ಲಿದೆ, ಮುಚ್ಚಳ ತೆಗೆದಿಲ್ಲ.

ನೀನು ಹೋದ ಮೇಲೆ ಡೈರಿಯಲ್ಲಿ ದಿನಕ್ಕೆ ನಾಲ್ಕು ಸಾಲು ಬರೆದುಕೊಂಡು ಬಂದಿದ್ದೇನೆ. ಹಾಲು ಒಡೆಯಿತು, ಬಸ್ಸು ಬರಲಿಲ್ಲ, ಹೀಗೆ. ಇವತ್ತಿನದು ನಾಲ್ಕು ಸಾಲಿಗೆ ಮುಗಿಯುವಂಥದ್ದಲ್ಲ. ಅದೂ ಅಲ್ಲದೆ ನಿನ್ನದೊಂದು ವಸ್ತುವಿನ ವಿಚಾರ. ನಿನಗೇ ಹೇಳಬೇಕು.

ಮೆಣಸಿಗೆ ಸೋಂಕು ಬಂದು ಇವತ್ತಿಗೆ ಐವತ್ತೊಂದು ದಿನ. ನಿನ್ನ ಮಗಳನ್ನು ನೀನಿಟ್ಟ ಆ ಹೆಸರಲ್ಲೇ ಈಗಲೂ ಕರೆಯುತ್ತೇನೆ. ಹತ್ತೊಂಬತ್ತು ತುಂಬಿದರೂ ಕಾಳಿನ ಗಾತ್ರ ಅಷ್ಟೇ, ಖಾರ ಮಾತ್ರ ಎರಡರಷ್ಟಾಗಿದೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಕಲಿತಿದ್ದಾಳೆ. ಎದುರು ಬಂದವರ ಮುಖಕ್ಕಿಂತ ಮೊದಲು ಕನ್ನಡಕ ನೋಡುತ್ತಾಳೆ. ಬಂದಿರುವುದು ನಿನ್ನನ್ನು ಕರೆದುಕೊಂಡು ಹೋದ ಸೋಂಕೇ. ಬೇರೆಯವರಿಗೆ ಅದೀಗ ನಾಲ್ಕು ದಿನದ ಜ್ವರ, ವಾರದ ಕೆಮ್ಮು. ಇವಳಿಗೆ ಹಾಗಲ್ಲ. ನೀನು ಕೊಟ್ಟ ಕಿಡ್ನಿಯನ್ನು ಮೈಯೇ ಪರಕೀಯ ಅಂತ ತಿಳಿದು ಹಾಳುಮಾಡದಿರಲಿ ಎಂದು ದಿನಾ ಮಾತ್ರೆ ನುಂಗುತ್ತಾಳಲ್ಲ, ಆ ಮಾತ್ರೆಗಳು ಮೈಯ ಕಾವಲುಗಾರನಿಗೆ ನಿದ್ದೆ ಬರಿಸುತ್ತವೆ. ಕಾವಲುಗಾರ ಮಲಗಿದರೆ ಕಿಡ್ನಿಗೂ ಕ್ಷೇಮ, ಕಳ್ಳನಿಗೂ ಕ್ಷೇಮ.

ನಿನ್ನ ಕಾಲಕ್ಕೆ ಈ ಕಾಯಿಲೆಗೆ ಅಂತ ಒಂದು ಔಷಧ ಇರಲಿಲ್ಲ. ಆಮ್ಲಜನಕ ಕೊಟ್ಟರು, ಬೋರಲು ಮಲಗಿಸಿದರು. ಯಾರೋ ಹೇಳಿದ ಮಾತ್ರೆಯನ್ನು ಒಂದು ವಾರ ಕೊಟ್ಟು, ಇನ್ಯಾರೋ ಬೇಡ ಅಂದಾಗ ನಿಲ್ಲಿಸಿದರು. ಡಾಕ್ಟರುಗಳೂ ಕತ್ತಲಲ್ಲಿ ಗೋಡೆ ತಡವುತ್ತಿದ್ದರು. ಒಂಬತ್ತು ದಿನ ನಾನು ಕೆಳಗೆ ಗೇಟಿನ ಹತ್ತಿರ ನಿಂತಿದ್ದೆ. ಒಳಗೆ ಬಿಡುವುದಿಲ್ಲ ಅಂದರು, ಸರಿ ಅಂದೆ. ಇದೇ ಆಸ್ಪತ್ರೆಯ ಕೆಲಸದವಳು ನಾನು. ಈ ಮೆಟ್ಟಿಲು ಹತ್ತಿದ್ದರೆ ನಿನ್ನ ವಾರ್ಡಿನ ಬಾಗಿಲು ಸಿಗುತ್ತಿತ್ತು. ಹತ್ತಲಿಲ್ಲ. ಹತ್ತನೇ ದಿನ ನಿನ್ನ ಕೈಗಡಿಯಾರ, ಹೇರ್‌ಪಿನ್ನು ಇದ್ದ ಪ್ಲಾಸ್ಟಿಕ್ ಚೀಲ ಕೊಟ್ಟರು. ಸಹಿ ಮಾಡಿ ತೆಗೆದುಕೊಂಡೆ.

ಈಗ ಔಷಧಗಳಿವೆ. ಒಂಬತ್ತನೇ ದಿನ ಮೆಣಸಿಗೆ ಒಂದು ಇಂಜೆಕ್ಷನ್ ಕೊಟ್ಟರು. ಮನೆಯ ಕಾವಲುಗಾರ ಮಲಗಿದ್ದಾನೆ ಅಂತ ಹೊರಗಿನಿಂದ ಕರೆಸಿದ ಬಾಡಿಗೆ ಕಾವಲುಗಾರ ಅಂತ ಇಟ್ಟುಕೋ. ವೈರಸ್ಸಿನ ಮೈಮೇಲಿನ ಒಂದು ಗುರುತನ್ನು ಹಿಡಿದು ಅದನ್ನು ಕಟ್ಟಿಹಾಕುತ್ತದೆ. ಮೂರು ದಿನದಲ್ಲಿ ಜ್ವರ ಇಳಿಯಿತು. ತಿಂಡಿ ಚೆನ್ನಾಗಿಲ್ಲ ಅಂತ ಜಗಳ ಶುರುಮಾಡಿದಳು, ಬದುಕಿದೆಯಾ ಬಡಜೀವವೇ ಅಂದುಕೊಂಡೆ. ಪರೀಕ್ಷೆ ಮಾತ್ರ ಪ್ರತಿ ಸಲವೂ ‘ಇದೆ’ ಅಂತಲೇ ಬರುತ್ತಿತ್ತು. ಇಪ್ಪತ್ತನೇ ದಿನ ಇದೆ. ಮೂವತ್ತನೇ ದಿನವೂ ಇದೆ. ಮನೆಗೆ ಕಳಿಸಲಿಲ್ಲ, ಒಂಟಿ ಕೋಣೆಯಲ್ಲೇ ಇಟ್ಟರು.

ನನ್ನ ಕೆಲಸ ನಿನಗೆ ಗೊತ್ತು. ವಾರ್ಡುಗಳಿಂದ ಬರುವ ರಕ್ತ, ಮೂಗಿನ ಕಡ್ಡಿ ಎಲ್ಲ ಮೊದಲು ನಮ್ಮ ಕೋಣೆಗೆ ಬರುತ್ತವೆ. ಚೀಟಿ ನೋಡಿ ಪುಸ್ತಕದಲ್ಲಿ ಬರೆದು ಒಳಗೆ ಕಳಿಸುತ್ತೇವೆ. ನಿಯಮದ ಪ್ರಕಾರ ರೋಗಿಯ ಹಾಸಿಗೆಯ ಪಕ್ಕದಲ್ಲಿ, ಮಾದರಿ ತೆಗೆದ ಮೇಲೆಯೇ ಟ್ಯೂಬಿಗೆ ಚೀಟಿ ಅಂಟಿಸಬೇಕು. ಆದರೆ ಬೆಳಗಿನ ಹೊತ್ತು ಅಷ್ಟು ಪುರುಸೊತ್ತು ಯಾರಿಗಿದೆ? ಖಾಲಿ ಟ್ಯೂಬುಗಳಿಗೆ ಕೆಳಗೇ ಚೀಟಿ ಅಂಟಿಸಿ ಮೇಲೆ ಕಳಿಸಿಬಿಡುತ್ತೇವೆ. ಎಲ್ಲರೂ ಮಾಡುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ. ಎದುರಿನ ಮೇಜಿನಲ್ಲಿ ಕೂರುವವಳಿಗೆ ನಾವು ರೇಡಿಯೋ ಅಂತ ಹೆಸರಿಟ್ಟಿದ್ದೇವೆ, ಆರಿಸುವ ಗುಂಡಿಯೇ ಇಲ್ಲ. “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂದ್ರೆ ಇದೇ ಕಣ್ರೀ,” ಅನ್ನುತ್ತಾಳೆ ಪ್ರತಿ ಬೆಳಿಗ್ಗೆ, ಅಂಟಿಸುತ್ತಲೇ.

ಮೂವತ್ತೇಳನೇ ದಿನವೂ ಹಾಗೇ ಮೊದಲೇ ಅಂಟಿಸಿದೆ. ಆದರೆ ಮೆಣಸಿನ ಟ್ಯೂಬನ್ನು ಮಾತ್ರ ಬೇರೆಯವರ ಜೊತೆ ಕಳಿಸಲಿಲ್ಲ. ಅವಳನ್ನು ಗಾಜಿನಾಚೆಯಿಂದ ನೋಡಿ ನೋಡಿ ನನಗೆ ಸಾಕಾಗಿತ್ತು. ನಿನ್ನ ಒಂಬತ್ತು ದಿನ ಎದೆಯ ಮೇಲೆ ಕೂತಿತ್ತು. ಟ್ಯೂಬನ್ನು ನಾನೇ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಆ ವಾರ್ಡಿನ ಸಿಸ್ಟರು ನನ್ನ ಮುಖ ನೋಡಿ ಬಾಗಿಲು ತೆರೆದರು. ನಿಲುವಂಗಿ ಹಾಕಿಸಿದರು, ಮಾಸ್ಕ್ ಬಿಗಿ ಮಾಡಿದರು, ಎರಡು ನಿಮಿಷ ಅಂದರು. ನಾನು ಹಾಸಿಗೆಯ ಬದಿಗೆ ನಿಂತೆ. ನನ್ನ ಕಣ್ಣೆದುರೇ ಸಿಸ್ಟರು ಮೂಗಿಗೆ ಕಡ್ಡಿ ಹಾಕಿದರು, ತೆಗೆದರು, ನನ್ನ ಕೈಯಲ್ಲಿದ್ದ ಟ್ಯೂಬಿಗೇ ಇಳಿಸಿದರು. ನಿನ್ನ ಮಗಳು ಸೀನಿ, ಕಣ್ಣೊರೆಸಿಕೊಂಡು, “ಚಿಕ್ಕಮ್ಮ, ಮಾಸ್ಕನ್ನ ಮೂಗಿನ ಹತ್ರ ಒತ್ತಿಕೊ. ಕನ್ನಡಕ ಮಂಜಾಗಿದೆ, ನನ್ನ ನೋಡೋಕೆ ಬಂದು ಮಂಜು ನೋಡ್ಕೊಂಡು ಹೋಗ್ತೀಯಾ?” ಅಂದಳು. ಟ್ಯೂಬನ್ನು ಮುಷ್ಟಿಯಲ್ಲಿ ಹಿಡಿದು ಕೆಳಗೆ ತಂದು, ಪುಸ್ತಕದಲ್ಲಿ ಬರೆದು, ಒಳಗೆ ಕೊಟ್ಟೆ. ಅದು ಅದಲುಬದಲಾಗಲು ಎಲ್ಲೂ ಜಾಗವಿರಲಿಲ್ಲ.

ಮೂರು ದಿನ ಬಿಟ್ಟು ದೊಡ್ಡ ಮೇಡಂ ಕರೆಸಿದರು. ಪ್ರಯೋಗಾಲಯಕ್ಕೆಲ್ಲ ಅವರೇ ಮುಖ್ಯಸ್ಥರು, ಕೂಗಾಡುವವರಲ್ಲ, ಅದಕ್ಕೇ ಭಯ. ಪಕ್ಕದಲ್ಲಿ ಓದುವ ಹುಡುಗಿ ನಿಂತಿದ್ದಳು. ವೈರಸ್ಸಿನ ಒಳಗಿನ ಬರಹವನ್ನು ಯಂತ್ರದಲ್ಲಿ ಅಕ್ಷರ ಅಕ್ಷರವಾಗಿ ಓದಿಸುವುದು ಅವಳ ಕೆಲಸ, ಸುಮಾರು ಮೂವತ್ತು ಸಾವಿರ ಅಕ್ಷರ. ಎರಡನೇ ದಿನದ ಮಾದರಿಗೂ ಇದಕ್ಕೂ ಎಂಟು ಕಡೆ ವ್ಯತ್ಯಾಸವಿದೆಯಂತೆ. ಒಂದೇ ಮೈಯಲ್ಲಿ ಇಷ್ಟು ಬೇಗ ಇಷ್ಟು ಬದಲಾದದ್ದನ್ನು ಮೇಡಂ ತಮ್ಮ ಕೆಲಸದಲ್ಲಿ ನೋಡಿರಲಿಲ್ಲ. ಇದು ಬೇರೆ ಯಾರದೋ ಮಾದರಿ ಅನ್ನಿಸುತ್ತದೆ ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಚೀಟಿ ಮೊದಲೇ ಅಂಟಿಸಿದ್ರಾ?” ಅಂದರು.

ಅಂಟಿಸಿದ್ದೆ. ಹೌದು ಅಂದೆ.

ಹಾಗಾದರೆ ಅದಲುಬದಲಾಗಿರಬಹುದಾ ಅಂತ ಕೇಳಿದರು. ಇಲ್ಲ ಅನ್ನಬೇಕಾದರೆ ಹೇಗೆ ಗೊತ್ತು ಅಂತ ಹೇಳಬೇಕು. ಒಳಗೆ ಹೋಗಿದ್ದೆ ಅನ್ನಬೇಕು. ನನ್ನ ಕೆಲಸದ ಮಾತು ಆಮೇಲೆ, ಬಿಟ್ಟ ಸಿಸ್ಟರಿಗೆ ಇಬ್ಬರು ಮಕ್ಕಳು. ನಾಲಿಗೆಯ ತುದಿಯಲ್ಲಿ ನನ್ನ ಹಳೆಯ ಮಾತು ಸಿದ್ಧವಾಗಿತ್ತು. “ನಂದೇ ತಪ್ಪಿರಬೇಕು ಮೇಡಂ,” ಅಂದೆ.

ಚಿಕ್ಕವಳಿದ್ದಾಗಿನಿಂದ ಅದೊಂದು ಮಾತು ನನಗೆ ಎಷ್ಟು ಸಲೀಸು ಅಂತ ನೀನು ಬಲ್ಲೆ. ನೀನು ಬೈಯುತ್ತಿದ್ದೆ, “ಮಾಡದ ತಪ್ಪಿಗೆ ನೀನು ತಲೆ ಬಗ್ಗಿಸಿದ್ರೆ, ನಿಜ ಹುಡುಕೋರು ಅಲ್ಲಿಗೇ ನಿಂತುಬಿಡ್ತಾರೆ ಕಣೇ.” ಹಾಗೇ ಆಯಿತು, ಹುಡುಕುವುದು ಅಲ್ಲಿಗೇ ನಿಂತಿತು. ವರದಿಯನ್ನು ಬದಿಗಿಟ್ಟರು. ಆ ದಿನದ ಉಳಿದ ಆರು ಜನರ ಮೂಗಿಗೂ ಮತ್ತೆ ಕಡ್ಡಿ ಹಾಕಿದರು. ಒಬ್ಬರು ಅಜ್ಜ ನನ್ನ ಮೂಗೇನು ಬಾವಿನಾ, ದಿನಾ ಇಳಿಸೋಕೆ ಅಂತ ರೇಗಿದರಂತೆ. ಮೆಣಸಿನ ಹೊಸ ಮಾದರಿಯಲ್ಲಿ ವೈರಸ್ಸು ಕಡಿಮೆಯಿದ್ದು ಯಂತ್ರಕ್ಕೆ ಓದಲಾಗಲಿಲ್ಲ. ಹಾಗಾಗಿ ಎರಡನೇ ದಿನದ ವರದಿಯನ್ನೇ ನಂಬಿದರು, ವೈರಸ್ಸು ಬದಲಾಗಿಲ್ಲ ಅಂದುಕೊಂಡರು. ಮರುದಿನ ಅದೇ ಇಂಜೆಕ್ಷನ್ನನ್ನು ಇನ್ನೊಮ್ಮೆ ಕೊಟ್ಟರು. ನಾನೇ ಸಮಾಧಾನ ಮಾಡಿಕೊಂಡೆ: ಔಷಧ ಅಂತೂ ಕೊಟ್ಟರಲ್ಲ, ಒಂದಲ್ಲದಿದ್ದರೆ ಎರಡು.

ಐದಾರು ದಿನದ ಮೇಲೆ ಟೀ ಕುಡಿಯುವ ಹೊತ್ತಿಗೆ ಓದುವ ಹುಡುಗಿ ಒಬ್ಬಳೇ ಸಿಕ್ಕಳು. ಯಾರ ಮಾತು ಅಂತ ಹೇಳದೆ, ವೈರಸ್ಸು ಬದಲಾಗುವುದು ಹೇಗೆ, ಅದಕ್ಕೆ ಅಷ್ಟು ಬುದ್ಧಿ ಇದೆಯಾ ಅಂತ ಕೇಳಿದೆ. “ಬುದ್ಧಿ ಏನೂ ಇಲ್ಲ ಆಂಟಿ. ತನ್ನನ್ನ ತಾನೇ ನಕಲು ಮಾಡ್ಕೊಳ್ಳುತ್ತೆ, ಮಾಡುವಾಗ ತಪ್ಪು ಮಾಡುತ್ತೆ. ಹೆಚ್ಚಿನ ತಪ್ಪು ಅದನ್ನೇ ಕೊಲ್ಲುತ್ತೆ ಇಲ್ಲಾ ಏನೂ ಮಾಡಲ್ಲ. ಎಲ್ಲೋ ಒಂದು ತಪ್ಪು ಔಷಧದ ಕೈಗೆ ಸಿಗದ ಹಾಗಿರುತ್ತೆ. ಮಿಕ್ಕಿದ್ದೆಲ್ಲ ಸತ್ತು ಅದೊಂದು ಉಳಿಯುತ್ತೆ. ಆಮೇಲೆ ಅದರದ್ದೇ ಸಂತಾನ,” ಅಂದಳು. ಗಟ್ಟಿಯಾಗಿರುವ ಮೈಯಲ್ಲಿ ಹತ್ತು ದಿನಕ್ಕೆ ಎಲ್ಲ ಮುಗಿಯುವುದರಿಂದ ತಪ್ಪುಗಳು ಸೇರಲು ಸಮಯವಿರುವುದಿಲ್ಲ. ಕಾವಲು ಸಡಿಲವಾದ ಮೈಯಲ್ಲಿ ವಾರಗಟ್ಟಲೆ ಉಳಿದರೆ, ಒಂದೇ ರೋಗಿಯೊಳಗೆ ಏಳೆಂಟು ಸೇರಿಕೊಂಡ ಉದಾಹರಣೆಗಳನ್ನು ತಾನು ಓದಿದ್ದೇನೆ ಅಂದಳು.

ನನಗೆ ಆಗ ನಿನ್ನ ಹೊಲಿಗೆ ಕೋಣೆ ಕಣ್ಣಿಗೆ ಬಂತು. ನೀನು ಶಾಲೆಯ ನಲವತ್ತು ಅಂಗಿ ಹೊಲಿಯಲು ಒಪ್ಪಿಕೊಂಡಿದ್ದೆ, ಕಾಲರ್ ಕತ್ತರಿಸುವ ಕೆಲಸ ನನ್ನದು. ಕಾಗದದ ಅಳತೆ ಇಟ್ಟು ಕತ್ತರಿಸು ಅಂದಿದ್ದೆ ನೀನು. ನಾನು ಬೇಗ ಮುಗಿಸಲು, ಕತ್ತರಿಸಿದ ಕಾಲರನ್ನೇ ಮುಂದಿನ ಬಟ್ಟೆಯ ಮೇಲಿಟ್ಟು ಇನ್ನೊಂದು, ಅದನ್ನಿಟ್ಟು ಮತ್ತೊಂದು, ಹೀಗೇ ಕತ್ತರಿಸುತ್ತ ಹೋದೆ. ಪ್ರತಿ ಸಲ ಕತ್ತರಿ ಕೂದಲೆಳೆಯಷ್ಟು ಜರುಗಿತ್ತು. ಕೊನೆಯ ಅಂಗಿಗಳಲ್ಲಿ ಗುಂಡಿ ಒಂದು ಕಡೆ, ಕಾಜಾ ಒಂದು ಕಡೆ. ಗುಂಡಿಯಲ್ಲಿ ಏನೂ ದೋಷವಿರಲಿಲ್ಲ. ನಿನ್ನ ಮಗಳಿಗೆ ಕೊಟ್ಟ ಎರಡನೇ ಇಂಜೆಕ್ಷನ್ನಿನಲ್ಲೂ ಏನೂ ದೋಷವಿರಲಿಲ್ಲ. ಹಿಡಿಯಬೇಕಾದ ಗುರುತೇ ಜರುಗಿಹೋಗಿತ್ತು.

ಅಂದರೆ ಮೂವತ್ತೇಳನೇ ದಿನದ ಎಂಟು ವ್ಯತ್ಯಾಸಗಳು ನಿಜ. ಟೀ ಲೋಟ ಕೈಯಲ್ಲಿ ಹಿಡಿದುಕೊಂಡೇ ನನಗೆ ಅದು ತಿಳಿಯಿತು. ಅಕ್ಕ, ನಿನ್ನಿಂದ ಮುಚ್ಚಿಟ್ಟು ಏನಾಗಬೇಕು: ಆಗಲೂ ನಾನು ಹೇಳಲಿಲ್ಲ. ಇನ್ನೂ ಐದು ದಿನ ಹೇಳಲಿಲ್ಲ. ಪ್ರತಿದಿನ ಬೆಳಿಗ್ಗೆ ಇವತ್ತು ಅಂದುಕೊಳ್ಳುತ್ತಿದ್ದೆ, ಮೇಡಂ ಬಾಗಿಲವರೆಗೆ ಹೋಗಿ ನೀರು ಕುಡಿದು ವಾಪಸ್ ಬರುತ್ತಿದ್ದೆ. ನಲವತ್ತೇಳನೇ ದಿನ ಅವಳಿಗೆ ಜ್ವರ ಮರಳಿತು. ಮರುದಿನ ಉಸಿರು ಕಟ್ಟಲು ಶುರುವಾಯಿತು, ಮೂಗಿಗೆ ನಳಿಕೆ ಹಾಕಿದರು. ಫೋನಿನಲ್ಲಿ ಎರಡು ಮಾತಿಗೊಮ್ಮೆ ನಿಲ್ಲಿಸುತ್ತಿದ್ದಳು. ಇಷ್ಟು ದಿನ ಅವಳ ಮಾತು ನಿಂತರೆ ಸಾಕು ಅನ್ನುತ್ತಿದ್ದವಳು ನಾನು.

ಇವತ್ತು ಬೆಳಿಗ್ಗೆ ಆ ನಲವತ್ತೆಂಟನೇ ದಿನದ ಮಾದರಿಯ ವರದಿ ಬಂತು, ಹನ್ನೊಂದು ಕಡೆ ಬದಲಾಗಿದೆ. ಕಿಡ್ನಿ ಡಾಕ್ಟರು ಓಡಿಬಂದರು. ಮೇಡಂ ಕೋಣೆಯ ಕಿಟಕಿ ನಮ್ಮ ಕಡೆಗೇ ತೆರೆದಿರುತ್ತದೆ, ಇಬ್ಬರ ಮಾತೂ ಕೇಳಿಸುತ್ತಿತ್ತು. ಇವಳಿಗೆ ವಾರ್ಡಿನಲ್ಲಿ ಯಾರಿಂದಲೋ ಹೊಸ ಸೋಂಕು ತಗುಲಿರಬೇಕು ಅಂತ ಮೇಡಂ. ಹಾಗಿದ್ದರೆ ಐದು ದಿನದ ಔಷಧ ಸಾಕು, ಕಿಡ್ನಿಯ ಮಾತ್ರೆ ಮುಟ್ಟುವುದು ಬೇಡ ಅಂತ ಡಾಕ್ಟರು. ಹಳೆಯದೇ ಒಳಗೆ ಕೂತು ಬದಲಾಗಿದ್ದರೆ ಅಂತ ಮೇಡಂ. ಹಾಗಿದ್ದರೆ ಐದು ದಿನದ್ದು ಏನೇನೂ ಸಾಲದು, ಬೇರೆಯೇ ದಾರಿ. ಯಾವುದು ಅಂತ ತಿಳಿಯಲು ನಡುವಿನದೊಂದು ಮಾದರಿ ಇದ್ದಿದ್ದರೆ ಅಂದರು ಡಾಕ್ಟರು. ಮೇಡಂ, ಇದ್ದದ್ದೊಂದು ಅದಲುಬದಲಾಯಿತು ಅಂದರು.

ನಾನು ಎದ್ದು ಮೊದಲು ಮೆಟ್ಟಿಲು ಹತ್ತಿದೆ. ಸಿಸ್ಟರಿಗೆ ಹೇಳದೆ ಅವರ ಹೆಸರನ್ನು ಎಳೆಯುವುದು ನ್ಯಾಯವಾಗಿರಲಿಲ್ಲ. ಬಾಗಿಲ ಹೊರಗೆ ನಿಂತು ಎಲ್ಲ ಹೇಳಿದೆ. ಅವರು ಕೈ ತೊಳೆಯುತ್ತಿದ್ದರು, ತೊಳೆಯುತ್ತಲೇ ಇದ್ದರು. “ನನ್ನ ಉಳಿಸೋಕೆ ಅಂತೀರಲ್ಲ. ನಾನು ಕೇಳಿದ್ನಾ?” ಅಂದರು. ನಲ್ಲಿ ನಿಲ್ಲಿಸಿ, “ನಡೀರಿ, ನಾನೂ ಬರ್ತೀನಿ. ಕಡ್ಡಿ ಹಾಕಿದೋಳು ನಾನು,” ಅಂದರು.

ಮೇಡಂ ಎದುರು ಇಬ್ಬರೂ ನಿಂತು ಹೇಳಿದೆವು. ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ, ಮೇಡಂ ಎರಡು ಸಲ ಜೋರಾಗಿ ಹೇಳಿ ಅಂದರು. ಓದುವ ಹುಡುಗಿ ಹಳೆಯ ವರದಿ ತಂದು ಹೊಸದರ ಪಕ್ಕದಲ್ಲಿಟ್ಟಳು. ಅಂದಿನ ಎಂಟೂ ಇಂದಿನ ಹನ್ನೊಂದರಲ್ಲಿ ಇದ್ದವು, ಒಂದೊಂದಾಗಿ ಬೆರಳಿಟ್ಟು ತೋರಿಸಿದಳು. ಮೇಡಂ ಎರಡನ್ನೂ ತಾವೇ ಸಾಲು ಸಾಲಾಗಿ ಹೋಲಿಸಿ ನೋಡಿದರು. ಆಮೇಲೆ ನನಗೆ ಹೇಳಿದ್ದು ಇಷ್ಟೇ: “ನಿಮ್ಮ ತಪ್ಪು ಅಂತ ನೀವು ಹೇಳಿದ್ರಿ, ನನಗೆ ಅದು ಅನುಕೂಲ ಆಯ್ತು. ನಾನೂ ಇನ್ನೊಂದು ಮಾತು ಕೇಳಲಿಲ್ಲ.” ಬೈದಿದ್ದರೆ ಚೆನ್ನಾಗಿತ್ತು. ನಾಳೆಯಿಂದ ನನ್ನನ್ನು ಮಾದರಿ ಕೋಣೆಯಿಂದ ತೆಗೆದು ಉಗ್ರಾಣಕ್ಕೆ ಹಾಕಿದ್ದಾರೆ. ಸಿಸ್ಟರಿಗೆ ಲಿಖಿತ ಎಚ್ಚರಿಕೆ, ಕೆಲಸ ಹೋಗಿಲ್ಲ.

ಕಿಡ್ನಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಮುಂದಿನದನ್ನು ಹೇಳಿದರು. ಹಳೆಯ ಇಂಜೆಕ್ಷನ್ ಇನ್ನು ಬೇಡ. ಈ ಸಲ ಎರಡು ಔಷಧ ಒಟ್ಟಿಗೆ. ಒಂದು ಡ್ರಿಪ್ಪಿನಲ್ಲಿ, ಅದು ವೈರಸ್ಸು ನಕಲು ಮಾಡುವಾಗ ದಾರದ ನಡುವೆ ಕೊಳೆತ ಎಳೆ ಸೇರಿಸುತ್ತದೆ, ಹೊಲಿಗೆ ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು ಮಾತ್ರೆ, ವೈರಸ್ಸು ತನ್ನ ಭಾಗಗಳನ್ನು ತುಂಡು ಮಾಡಿಕೊಳ್ಳುವ ಕತ್ತರಿಯನ್ನು ಅದು ಮೊಂಡು ಮಾಡುತ್ತದೆ. (ದಾರ, ಕತ್ತರಿ ನನ್ನ ಮಾತು. ಅವರು ಹೇಳಿದ್ದು ಉದ್ದವಿತ್ತು.) ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗಬೇಕು, ಎರಡನ್ನೂ ಒಂದೇ ಸಲ ತಪ್ಪಿಸಿಕೊಳ್ಳುವುದು ಅದಕ್ಕೆ ಕಷ್ಟ. ಆದರೆ ಬಾಡಿಗೆಯವರಿಂದಲೇ ಮನೆ ಉಳಿಯುವುದಿಲ್ಲ, ಮನೆಯ ಕಾವಲುಗಾರ ಏಳಬೇಕು. ಅದೂ ಅಲ್ಲದೆ ಆ ಕತ್ತರಿ ಮಾತ್ರೆಗೂ ಕಿಡ್ನಿಯ ಮಾತ್ರೆಗೂ ಆಗಿಬರುವುದಿಲ್ಲ, ಎರಡನ್ನೂ ಕೊಟ್ಟರೆ ಕಿಡ್ನಿಯ ಮಾತ್ರೆ ರಕ್ತದಲ್ಲಿ ವಿಷದಷ್ಟು ಏರುತ್ತದೆ. ಆದ್ದರಿಂದ ಕಿಡ್ನಿಯ ಮಾತ್ರೆಗಳನ್ನು ಸದ್ಯಕ್ಕೆ ನಿಲ್ಲಿಸಿ, ಸ್ಟಿರಾಯ್ಡ್ ಒಂದನ್ನು ಮಾತ್ರ ಇಟ್ಟು, ದಿನಾ ರಕ್ತ ನೋಡುತ್ತಾರೆ. ಎದ್ದ ಕಾವಲುಗಾರ ವೈರಸ್ಸಿನ ಜೊತೆಗೆ ನಿನ್ನ ಕಿಡ್ನಿಯ ಮೇಲೂ ಬೀಳಬಹುದು. ಬಿದ್ದರೆ ಮತ್ತೆ ಮೊದಲಿನ ಹಾಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ನಿಲ್ಲಿಸದಿದ್ದರೆ ಅಂತ ಕೇಳಿದೆ. ಇನ್ನೊಂದು ವಾರದ ಮಾತನ್ನು ನಾನು ಹೇಳಲಾರೆ ಅಂದರು.

ಒಪ್ಪಿಗೆಯ ಕಾಗದ ಮೆಣಸಿಗೇ ಕೊಟ್ಟರು, ದೊಡ್ಡವಳಲ್ಲವೇ. ಓದಿ, ಪೆನ್ನನ್ನು ಹಾಸಿಗೆಯ ಮೇಲಿಟ್ಟಳು. ನಾನು ಗಾಜಿನ ಈಚೆ, ಅವಳು ಆಚೆ, ನಡುವೆ ಫೋನು. “ಇದು ಅಮ್ಮಂದು. ಅಮ್ಮಂದು ಅಂತ ನನ್ ಹತ್ರ ಉಳಿದಿರೋದು ಇದೊಂದೇ. ಇದನ್ನ ಕಳ್ಕೊ ಅಂತ ನಾನೇ ಬರ್ಕೊಡಲ್ಲ,” ಅಂದಳು. ಅಷ್ಟು ಹೇಳಲು ಮೂರು ಸಲ ಉಸಿರು ತೆಗೆದುಕೊಂಡಳು.

ನನಗೆ ಬುದ್ಧಿಮಾತು ಬರುವುದಿಲ್ಲ. ಮೊದಲು ಹನ್ನೊಂದು ದಿನದ ಕತೆ ಹೇಳಿದೆ, ಒಂದನ್ನೂ ಬಿಡದೆ. ಟೀ ಕುಡಿದ ಮೇಲಿನ ಐದು ದಿನವನ್ನೂ ಹೇಳಿದೆ. ಅವಳು ಕಣ್ಣು ಕೀಳಲಿಲ್ಲ. ಆಮೇಲೆ ನೀನು ಕಿಡ್ನಿ ಕೊಟ್ಟು ಬಂದ ವಾರದ್ದು ಹೇಳಿದೆ. ನೀನು ಹೊಟ್ಟೆ ಹಿಡಿದುಕೊಂಡು ಕೂತಿದ್ದಾಗ ಪಕ್ಕದ ಮನೆಯವರು ಬಂದು, ನಾಳೆ ನಿಮಗೇ ಬೇಕಾದರೆ ಏನು ಗತಿ ಅಂತ ರಾಗ ಎಳೆದಿದ್ದರು. ಅವಳಾಗ ಒಳಗಿನ ಕೋಣೆಯಲ್ಲಿ ಮಲಗಿದ್ದಳು, ಕೇಳಿರಲಿಲ್ಲ. ನೀನು ಹೇಳಿದ್ದನ್ನು ಹಾಗೆಯೇ ಹೇಳಿದೆ: “ವಾಪಸ್ ಕೇಳೋಕೆ ಅದೇನು ಪಾತ್ರೆನಾ? ಕೊಟ್ಟ ಮೇಲೆ ಅವಳದು. ಇಟ್ಕೊಳ್ಳಲಿ, ಕಳ್ಕೊಳ್ಳಲಿ. ಅವಳು ಇರ್ಬೇಕು, ಅಷ್ಟೇ.”

ಮೆಣಸು ಫೋನು ಕೆಳಗಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಅಲ್ಲೇ ನಿಂತಿದ್ದೆ. ಒಂದೂವರೆ ಗಂಟೆ ಅವಳ ಬೆನ್ನು ಏಳುವುದನ್ನು, ಇಳಿಯುವುದನ್ನು ನೋಡುತ್ತಿದ್ದೆ. ಎರಡು ದಾಟಿದ ಮೇಲೆ ಸಿಸ್ಟರು ಹೊರಗೆ ಬಂದರು, ಕೈಯಲ್ಲಿ ಕಾಗದ. ಸಹಿ ಇತ್ತು, ನೇರವಾಗಿ, ಒತ್ತಿ ಹಾಕಿದ ಸಹಿ. ನನಗೊಂದು ಮಾತು ಹೇಳಿಕಳಿಸಿದ್ದಳು. ಸಿಸ್ಟರು ಹೇಳಲೋ ಬೇಡವೋ ಅಂತ ನೋಡಿ ಹೇಳಿದರು: “ಇದು ನಿಮಗೋಸ್ಕರ ಅಲ್ವಂತೆ. ನಿಮ್ಮ ಮೇಲೆ ಸಿಟ್ಟಿದೆಯಂತೆ. ವಾಸಿಯಾದ್ಮೇಲೆ ಬೈತಾಳಂತೆ, ಈಗ ಉಸಿರು ಸಾಲಲ್ವಂತೆ.”

ಅಲ್ಲಿಂದ ನೇರ ಈ ಮೆಟ್ಟಿಲಿಗೆ ಬಂದು ಕೂತೆ. ಡ್ರಿಪ್ ಶುರುವಾಗಿದೆ ಅಂತ ಈಗಷ್ಟೇ ಯಾರೋ ಹೇಳಿಹೋದರು.

ಅಕ್ಕ, ಕೆಲಸ ಮಾಡುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಡಾಕ್ಟರು ಹತ್ತು ದಿನ ಅಂದಿದ್ದಾರೆ. ನಿನ್ನದು ಉಳಿದು ಅವಳೂ ಉಳಿಯಲಿ ಅಂತ ಕೇಳಿಕೊಳ್ಳುವ ಆಸೆ ಇದೆ, ಅಷ್ಟು ಕೇಳಲು ಬಾಯಿ ಬರುತ್ತಿಲ್ಲ. ನೀನು ಹೇಳಿದ್ದಷ್ಟನ್ನೇ ಕೇಳುತ್ತೇನೆ. ಅವಳು ಇರಲಿ. ಆಮೇಲೆ ದಿನಾ ಬೈಯಲಿ, ನಾನು ನಿಂತು ಕೇಳುತ್ತೇನೆ. ನಾನು ಮಾಡಿದ್ದು ಇಷ್ಟು, ಮಾಡದ್ದು ಇಷ್ಟು, ಎರಡನ್ನೂ ನಿನ್ನ ಮುಂದಿಟ್ಟಿದ್ದೇನೆ. ನೀನು ಎಲ್ಲಿದ್ದರೂ ಅಲ್ಲಿ ನಿನಗೆ ಸಲೀಸಾಗಿ ಉಸಿರಾಡಲು ಬರಲಿ.

ನಿನ್ನ ತಂಗಿ

ನಾಳೆ ಬೆಳಿಗ್ಗೆ ಆರಕ್ಕೆ ಅವಳ ರಕ್ತ ತೆಗೆಯುತ್ತಾರೆ. ಕಿಡ್ನಿ ಹೇಗಿದೆ ಅಂತ ಹೇಳುವ ಅಂಕಿ ಒಂಬತ್ತು ಗಂಟೆಗೆ ಬರುತ್ತದೆ.